ಬ್ಯಾಂಡ್ ಬಿಗಿ ಮಾಡಿಸಿದ ಮೇಲೆ ಇಡ್ಲಿಯೂ ಇಳಿಯುತ್ತಿಲ್ಲ, ತೂಕವೂ ಇಳಿಯುತ್ತಿಲ್ಲ

ಪ್ರಶ್ನೆ: ದಾವಣಗೆರೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. 2013ರಲ್ಲಿ ಬೆಂಗಳೂರಿನಲ್ಲಿ ನನಗೆ ಗ್ಯಾಸ್ಟ್ರಿಕ್ ಬ್ಯಾಂಡ್, ಅಂದರೆ ತೂಕ ಇಳಿಸಲು ಜಠರದ ಮೇಲ್ತುದಿಗೆ ಸುತ್ತುವ ಉಂಗುರ, ಹಾಕಿದರು. ಆಗ 112 ಕಿಲೋ ಇದ್ದವಳು ಎರಡೂವರೆ ವರ್ಷದಲ್ಲಿ 84ಕ್ಕೆ ಬಂದಿದ್ದೆ. 2017ರಲ್ಲಿ ಗರ್ಭಿಣಿಯಾದಾಗ ವಾಂತಿ ವಿಪರೀತವಾಗಿ, ತಿಂದದ್ದು ಏನೂ ನಿಲ್ಲದಂತಾದ್ದರಿಂದ, ವೈದ್ಯರು ಬ್ಯಾಂಡನ್ನು ಬಿಗಿ ಮಾಡಲು ಅದರೊಳಗೆ ತುಂಬಿದ್ದ ಸಲೈನನ್ನು (ಉಪ್ಪುನೀರನ್ನು) ಪೂರ್ತಿ ತೆಗೆದು ಸಡಿಲ ಮಾಡಿದರು. ಹೆರಿಗೆ, ಎಳೆಮಗು, ವರ್ಗಾವಣೆ, ಆಮೇಲೆ ಕೊರೊನಾ ಎಂದು ಮತ್ತೆ ಬಿಗಿ ಮಾಡಿಸುವ ಕೆಲಸ ಮುಂದಕ್ಕೆ ಹೋಗುತ್ತಲೇ ಹೋಯಿತು. ತೂಕ 103ಕ್ಕೆ ಏರಿತು, ಸಕ್ಕರೆ ಕಾಯಿಲೆಯ ಮಾತ್ರೆಯೂ ಶುರುವಾಯಿತು.

ಕಳೆದ ಏಳು ತಿಂಗಳಲ್ಲಿ ಮೂರು ಸಲ ಬೆಂಗಳೂರಿಗೆ ಹೋಗಿ ಬ್ಯಾಂಡಿಗೆ ಸಲೈನ್ ಹಾಕಿಸಿಕೊಂಡು ಬಂದಿದ್ದೇನೆ. ಮೊದಲ ಎರಡು ಸಲದ ನಂತರ ತೂಕ 95ಕ್ಕೆ ಇಳಿಯಿತು. ಮೂರನೆಯ ಸಲ ನಾನೇ ಒತ್ತಾಯ ಮಾಡಿ ಸ್ವಲ್ಪ ಹೆಚ್ಚು ಹಾಕಿಸಿಕೊಂಡೆ, ಏಕೆಂದರೆ ಊರಿನಿಂದ ಪದೇ ಪದೇ ಹೋಗಿ ಬರುವುದು ರಜೆಯ ದೃಷ್ಟಿಯಿಂದಲೂ ಖರ್ಚಿನ ದೃಷ್ಟಿಯಿಂದಲೂ ನನಗೆ ಕಷ್ಟ. ಅದಾಗಿ ಎರಡು ತಿಂಗಳಾಯಿತು. ಈಗ ಇಡ್ಲಿ ಎರಡು ತುತ್ತಿಗೆ ಎದೆಯ ನಡುವೆ ನಿಂತುಬಿಡುತ್ತದೆ. ಚಪಾತಿಯ ಮಾತೇ ಬೇಡ. ಬಾಯಲ್ಲಿ ನೊರೆನೊರೆಯಾಗಿ ಜೊಲ್ಲು ತುಂಬಿಕೊಂಡು, ತಿಂದದ್ದು ಹಾಗೆಯೇ ಮೇಲಕ್ಕೆ ಬರುತ್ತದೆ. ವಾರದಲ್ಲಿ ನಾಲ್ಕೈದು ದಿನ ಹೀಗಾಗುತ್ತದೆ. ಶಾಲೆಯಲ್ಲಿ ಊಟದ ಬಿಡುವು ಕಡಿಮೆ. ಒಂದು ಮಧ್ಯಾಹ್ನ ಗಂಟೆ ಹೊಡೆದ ಮೇಲೂ ಶೌಚಾಲಯದಿಂದ ಹೊರಗೆ ಬರಲಾಗದೆ, ಒಂಬತ್ತನೇ ತರಗತಿಯ ಮಕ್ಕಳನ್ನು ಸಹೋದ್ಯೋಗಿಯೊಬ್ಬರು ನೋಡಿಕೊಳ್ಳಬೇಕಾಯಿತು.

ಹಾಗಾಗಿ ಈಗ ನನ್ನ ಆಹಾರವೆಂದರೆ ಬೆಳಿಗ್ಗೆ ಹಾಲಿಗೆ ಹಾರ್ಲಿಕ್ಸ್, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ಗಂಜಿ ಅಥವಾ ನುಣ್ಣಗೆ ಕಲಸಿದ ಮೊಸರನ್ನ, ಸಂಜೆ ಮಗಳ ಜೊತೆ ಸ್ವಲ್ಪ ಐಸ್‌ಕ್ರೀಮ್, ರಾತ್ರಿ ಮತ್ತೆ ಗಂಜಿ. ಇಷ್ಟು ಕಡಿಮೆ ತಿಂದರೂ ಎಂಟು ವಾರದಿಂದ ತೂಕ 95ರಲ್ಲೇ ನಿಂತಿದೆ. ಇನ್ನೊಂದು ಸಲ ಬಿಗಿ ಮಾಡಿಸಿದರೆ ಇಳಿಯಬಹುದೇ ಎಂದು ಯೋಚಿಸುತ್ತಿದ್ದೇನೆ. ಮನೆಯಲ್ಲಿ ಅತ್ತೆಯವರು ನಾನು ಎಲೆಯ ಮುಂದಿನಿಂದ ಎದ್ದು ಹೋಗುವುದನ್ನು ನೋಡಿ ಸಂಕಟಪಡುತ್ತಾರೆ. ಇನ್ನೊಂದು ತುತ್ತು ತಿನ್ನು ಎಂದು ಅವರು ಹೇಳಿದಾಗ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಜೊತೆಗೆ ಒಂದು ತಿಂಗಳಿಂದ ರಾತ್ರಿ ಮಲಗಿದಾಗ ಒಣಕೆಮ್ಮು ಬರುತ್ತಿದೆ. ಅದು ಇಲ್ಲಿಯ ಧೂಳಿಗೆ ಇರಬಹುದು.

ಬ್ಯಾಂಡ್ ಇಟ್ಟುಕೊಂಡು ವರ್ಷಗಟ್ಟಲೆ ಬದುಕಿದವರು ದಿನನಿತ್ಯ ಏನು ತಿನ್ನುತ್ತೀರಿ, ಹೇಗೆ ತಿನ್ನುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಮೆಲ್ಬರ್ನಿನ ತಿಪಟೂರಮ್ಮ

ತಂಗಿ, ನಿಮಗಿಂತ ಇಪ್ಪತ್ತು ವರ್ಷ ಹಿರಿಯಳಾದ್ದರಿಂದ ಹಾಗೆ ಕರೆಯುತ್ತಿದ್ದೇನೆ. ಹುಟ್ಟೂರು ತಿಪಟೂರು, ಆಸ್ಟ್ರೇಲಿಯಕ್ಕೆ ಬಂದು 28 ವರ್ಷವಾಯಿತು. ನನಗೆ ಬ್ಯಾಂಡ್ ಹಾಕಿದ್ದು 2008ರಲ್ಲಿ. ಆ ಕಾಲದಲ್ಲಿ ಈ ದೇಶದಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದರೆ ಹೆಚ್ಚಾಗಿ ಬ್ಯಾಂಡೇ ಆಗಿತ್ತು. ಈಗ ಇಲ್ಲಿಯೂ ಭಾರತದಲ್ಲಿಯೂ ಹೆಚ್ಚಿನವರು ಸ್ಲೀವ್, ಅಂದರೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳುತ್ತಾರೆ. ಆದ್ದರಿಂದ ನಮ್ಮಂಥ ಹಳೆಯ ಬ್ಯಾಂಡಿನವರು ಅನುಭವವನ್ನು ಪರಸ್ಪರ ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ.

ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರ ಕೊಡುತ್ತೇನೆ. ಇನ್ನೊಂದು ಸಲ ಬಿಗಿ ಮಾಡಿಸಬೇಡಿ. ನೀವು ಬರೆದದ್ದನ್ನು ಓದಿದರೆ ಬ್ಯಾಂಡ್ ಈಗಾಗಲೇ ಅಗತ್ಯಕ್ಕಿಂತ ಬಿಗಿಯಾಗಿದೆ ಎಂದೇ ನನಗೆ ಅನ್ನಿಸುತ್ತದೆ. ಬಿಗಿ ಹೆಚ್ಚಿದಷ್ಟೂ ತೂಕ ಇಳಿಯುತ್ತದೆ ಎಂಬ ಲೆಕ್ಕವನ್ನು ನಾನೂ ನಾಲ್ಕು ವರ್ಷ ನಂಬಿಕೊಂಡಿದ್ದೆ. ನಡೆಯುವುದು ಅದಕ್ಕೆ ವಿರುದ್ಧವಾದದ್ದು. ಬಿಗಿ ಮಿತಿಮೀರಿದಾಗ ರೊಟ್ಟಿ, ಕಾಳು, ಪಲ್ಯ, ಮೊಟ್ಟೆಯಂಥ ಗಟ್ಟಿ ಆಹಾರ ಕೆಳಗೆ ಇಳಿಯುವುದಿಲ್ಲ. ಐಸ್‌ಕ್ರೀಮ್, ಪಾಯಸ, ಹಾರ್ಲಿಕ್ಸ್, ನೆನೆದ ಬಿಸ್ಕತ್ತು ಇವು ಯಾವ ತಡೆಯೂ ಇಲ್ಲದೆ ಜಾರಿಹೋಗುತ್ತವೆ. ಜಾರಿಹೋದದ್ದು ಹೊಟ್ಟೆ ತುಂಬಿಸುವುದಿಲ್ಲವಾದ್ದರಿಂದ ಒಂದೂವರೆ ಗಂಟೆಗೆ ಮತ್ತೆ ಹಸಿವಾಗುತ್ತದೆ, ಮತ್ತೆ ಅಂಥದೇ ಬೇಕಾಗುತ್ತದೆ. ನೀವು ಕಡಿಮೆ ತಿನ್ನುತ್ತಿದ್ದೀರಿ ಎಂಬುದು ನಿಜ. ಆದರೆ ತಿನ್ನುವುದರಲ್ಲಿ ಹೆಚ್ಚಿನದು ಸಕ್ಕರೆ ಮತ್ತು ಗಂಜಿಯ ಪಿಷ್ಟ.

ಬ್ಯಾಂಡ್ ಏನು ಮಾಡುತ್ತದೆ ಎಂಬುದನ್ನು ನನಗೆ ಸರಿಯಾಗಿ ತಿಳಿಸಿದವರು ಇಲ್ಲಿನ ಒಬ್ಬ ನರ್ಸ್. ಜಠರದ ಮೇಲ್ತುದಿಗೆ ಸುತ್ತಿದ ಸಿಲಿಕೋನ್ ಉಂಗುರ ಅದು. ಅದರ ಮೇಲೆ ಉಳಿಯುವ ಪುಟ್ಟ ಚೀಲದಲ್ಲಿ 15ರಿಂದ 30 ಮಿಲಿಲೀಟರ್, ಅಂದರೆ ಒಂದೆರಡು ದೊಡ್ಡ ಚಮಚದಷ್ಟು ಮಾತ್ರ ಹಿಡಿಯುತ್ತದೆ. ಆ ಚೀಲವನ್ನು ತುಂಬಿಸಿ ಅಲ್ಲಿಯೇ ಊಟವನ್ನು ತಡೆದು ನಿಲ್ಲಿಸಬೇಕು ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ ಎಂದು ಆಕೆ ಬಿಡಿಸಿ ಹೇಳಿದರು. ಚೆನ್ನಾಗಿ ಅಗಿದ ಒಂದು ತುತ್ತನ್ನು ಅನ್ನನಾಳವು ನಾಲ್ಕೈದು ಬಾರಿ ಹಿಂಡಿ ಹಿಂಡಿ ಉಂಗುರದ ಮೂಲಕ ಕೆಳಕ್ಕೆ ದಾಟಿಸುತ್ತದೆ, ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಹಾಗೆ ದಾಟುವಾಗ ಉಂಗುರದ ಜಾಗದಲ್ಲಿ ಬೀಳುವ ಒತ್ತಡವೇ ಸಾಕು ಎಂಬ ಸೂಚನೆಯನ್ನು ಮಿದುಳಿಗೆ ಕಳಿಸುತ್ತದೆ. ಮೊದಲಿನ ತುತ್ತು ದಾಟುವ ಮುನ್ನವೇ ಎರಡನೆಯದನ್ನು ಅದರ ಬೆನ್ನಿಗೆ ಹಾಕಿದರೆ ಚೀಲವೂ ಅನ್ನನಾಳವೂ ಹಿಗ್ಗುತ್ತವೆ. ವರ್ಷಗಟ್ಟಲೆ ಹಾಗೆ ಮಾಡಿದರೆ ಹಿಗ್ಗಿದ್ದು ಹಾಗೆಯೇ ಉಳಿದುಬಿಡುವ ಅಪಾಯವೂ ಇದೆ.

ನಾನು ಊಟ ಮಾಡುವ ಬಗೆ ಹೀಗಿದೆ. ಕಾಫಿಯ ಸಕ್ಕರೆ ಕಲಕುವ ಚಿಕ್ಕ ಚಮಚ, ತಿಂಡಿಯ ಸಣ್ಣ ತಟ್ಟೆ, ಎದುರಿಗೆ ಗಡಿಯಾರ. ಕೈಯಿಂದ ತಿನ್ನುವಾಗ ತುತ್ತು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಬಾರದು. ಬಾಯಲ್ಲಿ ಇಪ್ಪತ್ತು ಸಲವಾದರೂ ಅಗಿದು, ನುಂಗಿ, ಕೈಯನ್ನು ತಟ್ಟೆಯಿಂದ ಹಿಂದಕ್ಕೆ ತೆಗೆದು, ಒಂದು ನಿಮಿಷ ಕಾಯುತ್ತೇನೆ. ಇಪ್ಪತ್ತೈದು ನಿಮಿಷವಾದ ಮೇಲೆ ತಟ್ಟೆಯಲ್ಲಿ ಎಷ್ಟು ಉಳಿದಿದ್ದರೂ ಏಳುತ್ತೇನೆ. ಅಷ್ಟರೊಳಗೆ ಒಂದು ಬಟ್ಟಲಿನಷ್ಟೂ ಹೋಗಿರುವುದಿಲ್ಲ, ಆದರೂ ನಾಲ್ಕು ಗಂಟೆ ಹಸಿವಾಗುವುದಿಲ್ಲ. ಊಟದ ಜೊತೆ ನೀರು ಕುಡಿಯುವುದಿಲ್ಲ, ಊಟವಾಗಿ ಅರ್ಧ ಗಂಟೆಯ ಮೇಲೆ ಕುಡಿಯುತ್ತೇನೆ. ಸೋಡಾದಂಥ ಗಾಳಿ ತುಂಬಿದ ಪಾನೀಯಗಳನ್ನು ಬಿಟ್ಟು ಹದಿನಾರು ವರ್ಷವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬ್ಯಾಂಡ್ ಬಿಗಿಯಾಗಿದ್ದಂತೆ ಅನಿಸುವುದು ನಮ್ಮಲ್ಲಿ ಅನೇಕರ ಅನುಭವ. ಅದಕ್ಕೆ ಒಂದು ಲೋಟ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿದು, ಒಂದು ಗಂಟೆ ಬಿಟ್ಟು ತಿಂಡಿಗೆ ಕೂರುತ್ತೇನೆ.

ನಮ್ಮ ಸೀಮೆಯವರಿಗೆ ಒಂದು ವಿಶೇಷ ತೊಡಕಿದೆ, ಅದನ್ನು ಹೇಳಲೇಬೇಕು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ಕಲಿತು ಬೆಳೆದವರು ನಾವು. ಬ್ಯಾಂಡ್ ಹಾಕಿಸಿಕೊಂಡ ಮರುವರ್ಷ ಊರಿಗೆ ಬಂದಾಗ ಅಮ್ಮ ಬಿಸಿ ಮುದ್ದೆ, ಉಪ್ಸಾರು ಮಾಡಿ ಬಡಿಸಿದ್ದರು. ಕೈಗೆ ಮರೆವಿಲ್ಲ ನೋಡಿ. ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎಂದು ನುಂಗಿದೆ. ಅಷ್ಟೇ. ಎದೆಯ ಮೂಳೆಯ ಹಿಂದೆ ಕಲ್ಲು ಕೂತ ಹಾಗಾಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೂವರೆ ಗಂಟೆ ಕೂತು, ಎಳೆಎಳೆಯಾಗಿ ಇಳಿಯುವ ಲೋಳೆಯನ್ನು ಉಗುಳುತ್ತಿದ್ದೆ. ಅಮ್ಮ ಬೆನ್ನು ಸವರುತ್ತಾ ನೀರು ಕುಡಿ, ನೀರು ಕುಡಿ ಎನ್ನುತ್ತಿದ್ದರು. ಸಿಕ್ಕಿಕೊಂಡಾಗ ನೀರು ಕುಡಿದರೆ ಅದಕ್ಕೂ ಕೆಳಗೆ ದಾರಿ ಇರುವುದಿಲ್ಲ, ನೋವು ಹೆಚ್ಚುತ್ತದೆ ಎಂಬುದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಎದ್ದು ನಿಧಾನವಾಗಿ ಓಡಾಡುತ್ತಾ ಅದು ದಾಟುವವರೆಗೆ ಏನನ್ನೂ ಬಾಯಿಗೆ ಹಾಕದಿರುವುದೇ ಸರಿ. ಆ ದಿನ ಪೂರ್ತಿ ದ್ರವಾಹಾರದಲ್ಲಿ ಇದ್ದು ಮರುದಿನ ಮೆತ್ತಗಿನದು ತಿನ್ನಬೇಕು, ಏಕೆಂದರೆ ಒಳಗೆ ಊತ ಬಂದಿರುತ್ತದೆ.

ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ನನಗೆ ಮೆತ್ತಗಿನ ಚಪಾತಿಗಿಂತ ಗರಿಗರಿಯಾದ ಖಡಕ್ ಜೋಳದ ರೊಟ್ಟಿ ವಾಸಿ, ಹಸಿ ಬ್ರೆಡ್ಡಿಗಿಂತ ಸುಟ್ಟ ಬ್ರೆಡ್ಡು ವಾಸಿ. ಜಿಗುಟಾಗಿ ಉಂಡೆಗಟ್ಟುವುದೇ ನಮ್ಮ ಶತ್ರು. ಉಪ್ಪಿಟ್ಟು ಮತ್ತು ಅಂಟಂಟಾದ ಅನ್ನ ಆ ಗುಂಪಿನವು. ನುಗ್ಗೆಕಾಯಿಯ ಸಿಪ್ಪೆ, ಕಿತ್ತಳೆಯ ತೊಳೆಯ ಮೇಲಿನ ಪೊರೆ, ದಂಟು ಸೊಪ್ಪಿನ ನಾರು ಇವನ್ನು ಉಗುಳಿಬಿಡಿ.

ಉತ್ತರ 2: ಹಾಸನದ ನಿವೃತ್ತ ಗುಮಾಸ್ತ

ಅಮ್ಮಾ, ನೀವು ಕೊನೆಯಲ್ಲಿ ಎರಡೇ ಸಾಲಿನಲ್ಲಿ ಬರೆದು ಮುಗಿಸಿದ ರಾತ್ರಿ ಕೆಮ್ಮಿನ ವಿಷಯ ಓದಿ ನನಗೆ ತಡೆಯಲಾಗಲಿಲ್ಲ. ಅದು ಧೂಳಿನದಲ್ಲದಿರಬಹುದು. ದಯವಿಟ್ಟು ಮುಂದಿನ ರಜೆಯವರೆಗೆ ಕಾಯಬೇಡಿ.

ನನಗೆ 2010ರಲ್ಲಿ ಬ್ಯಾಂಡ್ ಹಾಕಿದ್ದರು. ಏಳು ವರ್ಷ ಚೆನ್ನಾಗಿಯೇ ಇತ್ತು. 2018ರ ಬೇಸಿಗೆಯಲ್ಲಿ ಮಲಗಿದ ಕೂಡಲೇ ಕೆಮ್ಮು, ಬೆಳಗಿನ ಜಾವ ಬಾಯಲ್ಲಿ ಹುಳಿ ನೀರು, ಒಂದೊಂದು ದಿನ ದಿಂಬಿನ ಮೇಲೆ ರಾತ್ರಿ ಉಂಡ ಸಾರಿನ ಕಲೆ. ನಾನು ಅದನ್ನು ಅಲರ್ಜಿ ಎಂದುಕೊಂಡೆ. ತೋರಿಸಿದ ವೈದ್ಯರಿಗೆ ನನ್ನ ಹೊಟ್ಟೆಯಲ್ಲಿ ಬ್ಯಾಂಡ್ ಇದೆ ಎಂದು ನಾನು ಹೇಳಲಿಲ್ಲ, ಕೆಮ್ಮಿಗೂ ಅದಕ್ಕೂ ಸಂಬಂಧವಿದೆ ಎಂದು ನನಗೇ ತಿಳಿದಿರಲಿಲ್ಲ. ನಾಲ್ಕು ತಿಂಗಳು ಕೆಮ್ಮಿನ ಔಷಧಿ ಕುಡಿದೆ, ಇನ್‌ಹೇಲರ್ ಎಳೆದೆ. ಕೊನೆಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ, ಚಿತ್ರದಲ್ಲಿ ಬಿಳಿಯಾಗಿ ಕಾಣುವ ಬೇರಿಯಂ ಎಂಬ ದ್ರವ ಕುಡಿಸಿ ಎಕ್ಸ್‌ರೇ ತೆಗೆದರು. ಬ್ಯಾಂಡ್ ತನ್ನ ಜಾಗದಿಂದ ಜಾರಿ, ಜಠರದ ಒಂದು ಭಾಗ ಅದರ ಮೇಲಕ್ಕೆ ನುಗ್ಗಿತ್ತು. ಮೇಲೆ ನಿಂತ ಆಹಾರವೇ ಮಲಗಿದಾಗ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಬ್ಯಾಂಡನ್ನು ತೆಗೆದೇ ಹಾಕಬೇಕಾಯಿತು. ಮರುವರ್ಷ ಸ್ಲೀವ್ ಮಾಡಿಸಿಕೊಂಡೆ.

ನಿಮ್ಮ ಬ್ಯಾಂಡೂ ಜಾರಿದೆ ಎಂದು ನಾನು ಹೇಳುತ್ತಿಲ್ಲ. ಬ್ಯಾಂಡ್ ಕೇವಲ ಬಿಗಿಯಾಗಿದ್ದರೂ ಇಂಥ ಕೆಮ್ಮು ಬರುತ್ತದೆಯಂತೆ, ಆಗ ಸ್ವಲ್ಪ ಸಲೈನ್ ತೆಗೆದರೆ ಸರಿಹೋಗುತ್ತದೆ. ಆದರೆ ಯಾವುದು ಎಂದು ತಿಳಿಯಲು ಎಕ್ಸ್‌ರೇಯೇ ಬೇಕು. ಅಲ್ಲಿಯವರೆಗೆ ರಾತ್ರಿಯ ಊಟವನ್ನು ಮಲಗುವ ಮೂರು ಗಂಟೆ ಮೊದಲೇ ಮುಗಿಸಿ, ತಲೆಯ ಕಡೆ ಎತ್ತರಿಸಿ ಮಲಗಿ. ಅಕಸ್ಮಾತ್ ನೀರೂ ಇಳಿಯದಂತಾದರೆ, ನಿಮ್ಮ ಉಗುಳೇ ನಿಮಗೆ ನುಂಗಲಾಗದಿದ್ದರೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬಂದರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಹೋಗಬೇಕು. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಬೆಂಗಳೂರಿನವರೆಗೆ ಹೋಗಲೇಬೇಕೆಂದು ಕೂರಬೇಡಿ. ಆದರೆ ಸಲೈನ್ ತೆಗೆಯಲು ಬೇರೆ ಬಗೆಯ ಸೂಜಿ ಇರುತ್ತದೆ. ಸಾಧಾರಣ ಇಂಜೆಕ್ಷನ್ ಸೂಜಿಯನ್ನು ಚುಚ್ಚಿದರೆ ಚರ್ಮದ ಕೆಳಗಿನ ಪೋರ್ಟ್ (ಬ್ಯಾಂಡಿಗೆ ಸಲೈನ್ ಹಾಕಲು, ತೆಗೆಯಲು ಇರುವ ಪುಟ್ಟ ಬಿಲ್ಲೆ) ತೂತಾಗಿ ಸೋರಬಹುದು ಎಂಬುದನ್ನು ಅಲ್ಲಿನವರಿಗೆ ನೀವೇ ನೆನಪಿಸಿ.

ನನ್ನ ಪರ್ಸಿನಲ್ಲಿ ಆಗ ಒಂದು ಚೀಟಿ ಇದ್ದಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಯಾವ ವರ್ಷ ಹಾಕಿದ್ದು, ಯಾವ ಕಂಪನಿಯ ಬ್ಯಾಂಡು, ಒಳಗೆ ಎಷ್ಟು ಮಿಲಿಲೀಟರ್ ಇದೆ, ಕೊನೆಯ ಬಾರಿ ಯಾವಾಗ ಹಾಕಿದ್ದು ಎಂದು ಬರೆದು ಇಟ್ಟುಕೊಳ್ಳಿ. ಹಲ್ಲು ನೋವಿಗೆ, ಮಂಡಿ ನೋವಿಗೆ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ಅವು ಬ್ಯಾಂಡ್ ಇರುವ ಜಾಗದಲ್ಲಿ ಹುಣ್ಣು ಮಾಡಬಹುದು.

ಉತ್ತರ 3: ಹುಬ್ಬಳ್ಳಿಯ ಡಯಟೀಷಿಯನ್

ಮೇಡಂ, ಮೇಲಿನ ಇಬ್ಬರೂ ಹೇಳಿದ ಕ್ರಮವೇ ಸರಿ: ಮೊದಲು ಪರೀಕ್ಷೆ, ಆಮೇಲೆ ಆಹಾರ. ಬ್ಯಾಂಡ್ ಹದಕ್ಕೆ ಬರುವವರೆಗೆ ನಾನು ಹೇಳುವ ಗಟ್ಟಿ ಪದಾರ್ಥಗಳನ್ನು ಪ್ರಯತ್ನಿಸಬೇಡಿ. ಆದರೆ ದ್ರವಾಹಾರದಲ್ಲಿ ಇರುವ ದಿನಗಳಲ್ಲಿಯೂ ನಿಮ್ಮ ಪಟ್ಟಿಯನ್ನು ಬದಲಿಸಲು ಸಾಧ್ಯವಿದೆ, ಅದನ್ನು ಇವತ್ತೇ ಮಾಡಿ.

ಬ್ಯಾಂಡ್ ಇರುವವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನೀವು ಬರೆದ ಆಹಾರವನ್ನು ಲೆಕ್ಕ ಹಾಕಿದರೆ ಅದರ ಅರ್ಧವೂ ಬರುವ ಹಾಗೆ ಕಾಣುವುದಿಲ್ಲ. ಅಕ್ಕಿಯ ಗಂಜಿಯಲ್ಲಿ ಹೆಚ್ಚಾಗಿ ಇರುವುದು ನೀರು ಮತ್ತು ಪಿಷ್ಟ. ಅದೇ ಗಂಜಿಗೆ ಬದಲು ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಕಡೆದು, ಜೀರಿಗೆ ಇಂಗಿನ ಒಗ್ಗರಣೆ ಕೊಟ್ಟು ಕುಡಿಯಿರಿ. 100 ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಒಂದು ಹೊತ್ತಿಗೆ 30 ಗ್ರಾಂ ಬೇಳೆ ಹಾಕಿದರೂ 7 ಗ್ರಾಂ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆ ಬೆರೆಸಿದ ಪುಡಿಗಳನ್ನು ಬಿಟ್ಟು ಬರಿಯ ಹಾಲು ಕುಡಿಯಿರಿ. ಹುರುಳಿ ಕಟ್ಟಿನ ಸಾರು ಚೆನ್ನಾಗಿದ್ದರೂ ಪ್ರೋಟೀನಿನ ಬಹುಪಾಲು ಬಸಿದಿಟ್ಟ ಕಾಳಿನಲ್ಲೇ ಉಳಿಯುತ್ತದೆ, ಆದ್ದರಿಂದ ಒಂದು ಹಿಡಿ ಕಾಳನ್ನು ರುಬ್ಬಿ ಅದಕ್ಕೇ ಬೆರೆಸಿ.

ಗಟ್ಟಿ ಆಹಾರಕ್ಕೆ ಮರಳಿದಾಗ ಒಂದೇ ನಿಯಮ ನೆನಪಿಡಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್ ತಿನ್ನಬೇಕು, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ ಅಥವಾ ರೊಟ್ಟಿ. ನಮ್ಮ ಊಟದ ಪದ್ಧತಿ ಇದಕ್ಕೆ ತಲೆಕೆಳಗಾಗಿದೆ. ಅನ್ನದ ರಾಶಿಗೆ ಸಾರು ಸುರಿದು ಕಲಸಿ, ಪಲ್ಯವನ್ನು ಅಂಚಿನಲ್ಲಿ ನಂಜಿಕೊಳ್ಳುತ್ತೇವೆ. ನೀವು ಬಟ್ಟಲಿನಲ್ಲಿ ಗಟ್ಟಿ ತೊವ್ವೆ, ಪನೀರಿನ ಬುರ್ಜಿ ಅಥವಾ ಮೊಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತರೆ, ಅನ್ನ ಎರಡು ಚಮಚಕ್ಕೆ ತಾನಾಗಿಯೇ ನಿಲ್ಲುತ್ತದೆ. ಮೀನು ತಿನ್ನುವವರಾದರೆ ಬೇಯಿಸಿದ ಮೀನಿನಷ್ಟು ಸುಲಭವಾಗಿ ಇಳಿಯುವ ಮಾಂಸಾಹಾರ ಬೇರೆ ಇಲ್ಲ. ಕುರಿಮಾಂಸದ ನಾರು ಬಹಳ ಜನರಿಗೆ ಸಿಕ್ಕಿಕೊಳ್ಳುತ್ತದೆ, ಬೇಕೇ ಬೇಕೆಂದರೆ ಕೈಮಾ ಮಾಡಿಸಿ. ರಾಗಿಯನ್ನು ಬಿಡುವ ಅಗತ್ಯವಿಲ್ಲ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಬದಲು ಮಜ್ಜಿಗೆ ಬೆರೆಸಿದ ಅಂಬಲಿ ಮಾಡಿಕೊಳ್ಳಿ. ಅಂಬಲಿಯೂ ದ್ರವವೇ ಆದ್ದರಿಂದ ಅದನ್ನು ಒಂದು ಹೊತ್ತಿನ ಊಟವೆಂದೇ ಎಣಿಸಿ, ಊಟದ ಮೇಲೆ ಕುಡಿಯಬೇಡಿ.

ಬ್ಯಾಂಡಿನಲ್ಲಿ ಕರುಳನ್ನು ಕತ್ತರಿಸಿ ಜೋಡಿಸುವುದಿಲ್ಲ, ಹಾಗಾಗಿ ತಿಂದದ್ದು ಮೈಗೆ ಹತ್ತುತ್ತದೆ. ಕೊರತೆ ಆಗುವುದು ತಿನ್ನುವ ಪ್ರಮಾಣ ಕಡಿಮೆಯಾಗಿ. ಮಲ್ಟಿವಿಟಮಿನ್, ವಿಟಮಿನ್ ಡಿ, ಕ್ಯಾಲ್ಸಿಯಂ ಇವನ್ನು ನಿಲ್ಲಿಸಬೇಡಿ. ಬಿ12 ಮತ್ತು ಕಬ್ಬಿಣದ ಮಟ್ಟವನ್ನು ವರ್ಷಕ್ಕೊಮ್ಮೆ ನೋಡಿಸಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಳ್ಳಬೇಡಿ. ಎರಡು ತಿಂಗಳಿಂದ ವಾಂತಿಯಾಗುತ್ತಿದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ವಾಂತಿ ಮುಂದುವರಿದರೆ ಥಯಾಮಿನ್, ಅಂದರೆ ವಿಟಮಿನ್ ಬಿ1, ಕಡಿಮೆಯಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ತೋರಿಸಿ. ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆಯೂ ಕೇಳಿ. ಊಟ ಬದಲಾದಂತೆ ಅದರ ಪ್ರಮಾಣವೂ ಬದಲಾಗಬೇಕಾಗುತ್ತದೆ, ಮತ್ತು ನಿಧಾನವಾಗಿ ಕರಗುವ ದೊಡ್ಡ ಮೆಟ್‌ಫಾರ್ಮಿನ್ ಮಾತ್ರೆಯನ್ನು ನೀವಾಗಿ ಪುಡಿ ಮಾಡಿ ನುಂಗುವಂತಿಲ್ಲ.

ಉತ್ತರ 4: ಮೈಸೂರಿನ ಒಬ್ಬ ಅತ್ತೆ

ಮಗಳೇ, ನನಗೆ 68 ವರ್ಷ. ಬ್ಯಾಂಡ್ ಇರುವುದು ನನ್ನ ಮಗನಿಗೆ. ನಿಮ್ಮ ಅತ್ತೆಯವರ ಜಾಗದಲ್ಲಿ ಕೂತವಳು ನಾನು, ಆದ್ದರಿಂದ ಅವರ ಪರವಾಗಿ ಎರಡು ಮಾತು ಬರೆಯುತ್ತೇನೆ.

ಆಪರೇಷನ್ ಆದ ಹೊಸತರಲ್ಲಿ ಮಗ ಕಾಲು ದೋಸೆ ಬಿಟ್ಟು ಎದ್ದರೆ ನನ್ನ ಕರುಳು ಹಿಂಡುತ್ತಿತ್ತು. ತುಪ್ಪ ಹಾಕಿ, ಇನ್ನೊಂದು ಚೂರು, ಅಮ್ಮನಿಗೋಸ್ಕರ ಎಂದು ಬಲವಂತ ಮಾಡುತ್ತಿದ್ದೆ. ನನ್ನ ಮನಸ್ಸು ನೋಯಬಾರದೆಂದು ಅವನು ತಿನ್ನುತ್ತಿದ್ದ, ಆಮೇಲೆ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದ. ನಲ್ಲಿ ಬಿಟ್ಟ ಸದ್ದು ಏಕೆಂದು ನನಗೆ ಮೂರು ತಿಂಗಳು ಗೊತ್ತಾಗಲಿಲ್ಲ. ಒಂದು ದಿನ ಸೊಸೆ ನನ್ನನ್ನು ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರು ಬೇರಿಯಂ ಕುಡಿಸಿ, ಪರದೆಯ ಮೇಲೆ ಅದು ಇಳಿಯುವುದನ್ನು ನನಗೂ ತೋರಿಸಿದರು. ನೂಲಿನಷ್ಟು ಸಣ್ಣ ದಾರಿಯಲ್ಲಿ ಬಿಳಿಯ ಗೆರೆಯೊಂದು ತಡೆತಡೆದು ಇಳಿಯುತ್ತಿತ್ತು. ನನ್ನ ಒಂದು ತುತ್ತು ಹೋಗಿ ನಿಲ್ಲುತ್ತಿದ್ದ ಜಾಗ ಅದು. ಅವತ್ತಿನಿಂದ ನಾನು ಬಲವಂತ ಮಾಡಿಲ್ಲ. ನಿಮ್ಮ ಅತ್ತೆಯವರನ್ನೂ ಈ ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಹೇಳಿದರೆ ಅರ್ಥವಾಗದ್ದು ನೋಡಿದರೆ ಅರ್ಥವಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಅವನಿಗೆ ಬಡಿಸುವುದಿಲ್ಲ, ಪಾತ್ರೆಗಳನ್ನು ಮುಂದಿಡುತ್ತೇವೆ, ಅವನೇ ಹಾಕಿಕೊಳ್ಳುತ್ತಾನೆ. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಕೂರುವುದಿಲ್ಲ, ಏಕೆಂದರೆ ಮುಂದಿನವರು ಬೆನ್ನ ಹಿಂದೆ ಕಾದು ನಿಂತಿದ್ದರೆ ಅವಸರವಾಗುತ್ತದೆ. ಕೊನೆಯ ಪಂಕ್ತಿಯಲ್ಲಿ ನಾನು ಅವನ ಪಕ್ಕ ಕೂತು, ಬಡಿಸುವವರು ಬಂದಾಗ ಎಲೆಯ ಮೇಲೆ ಅಡ್ಡ ಕೈ ಇಡುತ್ತೇನೆ. ಕೋಸಂಬರಿ, ಸ್ವಲ್ಪ ತೊವ್ವೆ, ಎರಡು ಬೆರಳು ಅನ್ನ, ಅಷ್ಟರಲ್ಲಿ ಅವನ ಊಟವಾಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಹಲ್ಲುಗಳನ್ನು ನೋಡಿಸಿದ್ದೀರಾ? ಮಗನಿಗೆ ಎಡಗಡೆಯ ಎರಡು ದವಡೆ ಹಲ್ಲು ಹಿಂದೆಯೇ ಕೀಳಿಸಿತ್ತು. ಎಷ್ಟು ನಿಧಾನವಾಗಿ ತಿಂದರೂ ಸಿಕ್ಕಿಕೊಳ್ಳುತ್ತಿತ್ತು. ಹಲ್ಲು ಕಟ್ಟಿಸಿದ ಮೇಲೆ ಅರ್ಧಕ್ಕರ್ಧ ತೊಂದರೆ ನಿಂತಿತು. ಅಗಿಯಿರಿ ಅಗಿಯಿರಿ ಎಂದು ಎಲ್ಲರೂ ಹೇಳಿದ್ದರೇ ಹೊರತು ಬಾಯಿ ತೆರೆದು ನೋಡಿದವರು ಯಾರೂ ಇರಲಿಲ್ಲ.

ಪ್ರಶ್ನೆ ಕೇಳಿದವರಿಂದ: ದಾವಣಗೆರೆಯ ಶಿಕ್ಷಕಿ

ಎಲ್ಲರಿಗೂ ಕೈಮುಗಿದು ವಂದನೆಗಳು. ಹಾಸನದ ಸರ್ ಅವರ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ರಜೆ ಹಾಕಿ, ಅತ್ತೆಯವರನ್ನೂ ಕರೆದುಕೊಂಡು ಬೆಂಗಳೂರಿಗೆ ಹೋಗಿ ಬಂದೆ.

ಬೇರಿಯಂ ಪರೀಕ್ಷೆಯಲ್ಲಿ ಬ್ಯಾಂಡ್ ಜಾರಿಲ್ಲ ಎಂದು ತಿಳಿಯಿತು. ಆದರೆ ಬ್ಯಾಂಡಿನ ಮೇಲಿನ ಚೀಲ ಹಿಗ್ಗಿದೆ, ಅನ್ನನಾಳದ ಕೆಳಭಾಗವೂ ಸ್ವಲ್ಪ ಅಗಲವಾಗಿದೆ. ಕುಡಿದ ಬೇರಿಯಂ ಐದು ನಿಮಿಷವಾದರೂ ಮೇಲೆಯೇ ನಿಂತಿತ್ತು. ಒಳಗಿದ್ದ ಐದೂವರೆ ಮಿಲಿಲೀಟರ್ ಸಲೈನಿನಲ್ಲಿ ಮೂರನ್ನು ತೆಗೆದರು. ಸೂಜಿ ಹೊರಗೆ ಬಂದ ಮೇಲೆ ಅಲ್ಲಿಯೇ ಒಂದು ಲೋಟ ನೀರು ಕೊಟ್ಟು ಕುಡಿಯಲು ಹೇಳಿದರು. ಎರಡು ತಿಂಗಳ ನಂತರ ನೀರು ನೀರಿನ ಹಾಗೆ ಇಳಿಯಿತು. ನನಗೆ ಅಳು ಬಂತು. ಅತ್ತೆಯವರು ಪರದೆಯನ್ನು ನೋಡುತ್ತಾ ಏನೂ ಮಾತನಾಡಲಿಲ್ಲ. ಬಸ್ಸಿನಲ್ಲಿ ಚಿತ್ರದುರ್ಗ ದಾಟಿದ ಮೇಲೆ, ನೀನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರು.

ಕೆಮ್ಮು ಮೂರನೆಯ ರಾತ್ರಿಗೆ ನಿಂತಿತು. ಒಂದು ವಾರ ದ್ರವಾಹಾರ, ಮುಂದಿನ ವಾರ ಮೆತ್ತಗಿನದು ಎಂದಿದ್ದರು, ಹಾಗೆಯೇ ಮಾಡಿದೆ. ಮೊನ್ನೆ ಭಾನುವಾರ ಮೊದಲ ಸಲ ಅರ್ಧ ಇಡ್ಲಿ, ಗಟ್ಟಿ ಹೆಸರುಬೇಳೆಯ ಜೊತೆ, ಇಪ್ಪತ್ತೆರಡು ನಿಮಿಷ ತೆಗೆದುಕೊಂಡು ತಿಂದೆ. ಸಿಕ್ಕಿಕೊಳ್ಳಲಿಲ್ಲ. ಹಸಿವು ಮೊದಲಿಗಿಂತ ಹೆಚ್ಚಾಗಿದೆ ಎಂಬುದು ನಿಜ, ಅದಕ್ಕೆ ಸ್ವಲ್ಪ ಹೆದರಿಕೆಯೂ ಇದೆ. ಶಾಲೆಗೆ ಬೇಯಿಸಿದ ಮೊಟ್ಟೆ, ಗಟ್ಟಿ ಮೊಸರು ಒಯ್ಯುತ್ತಿದ್ದೇನೆ. ಮುಖ್ಯೋಪಾಧ್ಯಾಯರನ್ನು ಕೇಳಿ ಬಿಡುವಿನ ನಂತರದ ತರಗತಿಯನ್ನು ಬೇರೆಯವರ ಜೊತೆ ಬದಲಾಯಿಸಿಕೊಂಡೆ, ಆದ್ದರಿಂದ ಗಂಟೆಯ ಅವಸರವಿಲ್ಲ. ಐಸ್‌ಕ್ರೀಮ್ ಡಬ್ಬಿಯನ್ನು ಮನೆಗೆ ತರುತ್ತಿಲ್ಲ. ಮೈಸೂರಿನ ಅಮ್ಮ ಹೇಳಿದಂತೆ ಹಲ್ಲಿನ ಡಾಕ್ಟರಿಗೂ ತೋರಿಸಿದೆ. ಬಲದವಡೆಯ ಒಂದು ಹಲ್ಲು ಒಳಗೇ ಹುಳುಕಾಗಿತ್ತು, ಆ ಕಡೆ ಅಗಿಯುವುದನ್ನು ನಾನು ಎಂದೋ ಬಿಟ್ಟಿದ್ದೆನಂತೆ.

ಆರು ವಾರದ ನಂತರ ಮತ್ತೆ ಎಕ್ಸ್‌ರೇ ಇದೆ. ಚೀಲ ಮೊದಲಿನ ಅಳತೆಗೆ ಕುಗ್ಗಿದ್ದರೆ ಅರ್ಧ ಅರ್ಧ ಮಿಲಿಲೀಟರಿನಂತೆ ಹಾಕುತ್ತಾರೆ, ಇಲ್ಲವಾದರೆ ಬೇರೆ ದಾರಿಯ ಬಗ್ಗೆ ಮಾತನಾಡೋಣ ಎಂದಿದ್ದಾರೆ. ಈ ಸಲ ಹೆಚ್ಚು ಹಾಕಿ ಎಂದು ನಾನು ಕೇಳುವುದಿಲ್ಲ. ವರದಿ ಬಂದ ದಿನ ಇಲ್ಲಿಯೇ ಬರೆಯುತ್ತೇನೆ. ತಿಪಟೂರಿನ ಅಕ್ಕ, ಒಂದು ಸಣ್ಣ ಪ್ರಶ್ನೆ ಉಳಿದಿದೆ: ಖಡಕ್ ರೊಟ್ಟಿಯನ್ನು ನೀವು ಒಣಗಿದ್ದನ್ನೇ ತಿನ್ನುತ್ತೀರಾ, ಎಣ್ಣೆಗಾಯಿ ಪಲ್ಯದ ರಸದಲ್ಲಿ ಅದ್ದಿದರೆ ಅದೂ ಜಿಗುಟಾಗುತ್ತದೆಯೇ?

ಉತ್ತರ 5: ಮೆಲ್ಬರ್ನಿನ ತಿಪಟೂರಮ್ಮ

ಒಣಗಿದ್ದನ್ನೇ ತಿನ್ನುತ್ತೇನೆ ತಂಗಿ, ಚೂರು ಮುರಿದು ಬಾಯಲ್ಲೇ ನೆನೆಯಲು ಬಿಟ್ಟು ಅಗಿಯುತ್ತೇನೆ. ರಸದಲ್ಲಿ ಅದ್ದಿ ತೆಗೆದರೆ ತೊಂದರೆಯಿಲ್ಲ, ನೆನೆಯಲು ಬಿಟ್ಟರೆ ಚಪಾತಿಯ ಹಾಗೆಯೇ ಆಗುತ್ತದೆ. ಎಣ್ಣೆಗಾಯಿಯ ಬದನೆಕಾಯಿ ಮೆತ್ತಗೆ ಬೆಂದಿದ್ದರೆ ಇಳಿಯುತ್ತದೆ, ಸಿಪ್ಪೆ ಬಿಟ್ಟುಬಿಡಿ. ಆದರೆ ಇದೆಲ್ಲ ಎಕ್ಸ್‌ರೇ ಆದ ಮೇಲೆ. ಅಲ್ಲಿಯವರೆಗೆ ಇಡ್ಲಿಯಲ್ಲೇ ಇರಿ.